‘ಮೆಡೋ’ ಎಂಬುದಕ್ಕೆ ‘ಹುಲ್ಲುಗಾವಲು’ ಸಾಕೇ?

ಮಾನ್ಯರೇ,

ಉಡುಪಿಯ ಶಾಲಾ ಮಕ್ಕಳಿಗಾಗಿ ಸಿದ್ಧಪಡಿಸುತ್ತಿರುವ ಪರಿಸರ ಪುಸ್ತಿಕೆಯೊಂದರಲ್ಲಿ ಯುರೋಪಿನ ಸಾಂಪ್ರದಾಯಿಕ ‘ಮೆಡೋ’ಗಳ ಕುರಿತು ಒಂದು ಅಧ್ಯಾಯವಿದ್ದು, ಆ ಪದಕ್ಕೆ ‘ಹುಲ್ಲುಗಾವಲು’ ಎಂಬ ರೂಢಿಯ ಅರ್ಥ ನನಗೆ ಸಾಲದೆನಿಸಿದೆ. ನಮ್ಮ ಬಳಕೆಯಲ್ಲಿ ಹುಲ್ಲುಗಾವಲೆಂದರೆ ದನ ಮೇಯುವ ಜಾಗ. ಮೆಡೋ ಆದರೋ ಚಳಿಗಾಲದ ಮೇವಿಗೆಂದು ಹುಲ್ಲು ಕೊಯ್ದು ಒಣಗಿಸುವ ನೆಲ. ಹುಲ್ಲು ಬೆಳೆದು ಕೊಯ್ಲಾಗುವವರೆಗೆ ಜಾನುವಾರುಗಳನ್ನು ಅದರೊಳಗೆ ಬಿಡುವುದಿಲ್ಲ.

ಈ ವ್ಯತ್ಯಾಸ ಬಿಟ್ಟರೆ ಅಧ್ಯಾಯದ ತಿರುಳೇ ಕೈತಪ್ಪುತ್ತದೆ. ಕೊಯ್ದ ಹುಲ್ಲನ್ನು ವರ್ಷವರ್ಷವೂ ಹೊರಗೆ ಸಾಗಿಸುವುದರಿಂದ ಮಣ್ಣಿನ ಸಾರ ಹೆಚ್ಚುವುದಿಲ್ಲ, ಸಾರ ಹೆಚ್ಚದಿರುವುದರಿಂದ ಒಂದೆರಡು ಬಿರುಸಿನ ಹುಲ್ಲುಗಳು ಉಳಿದ ಗಿಡಗಳನ್ನು ಮುಚ್ಚಿಹಾಕುವುದಿಲ್ಲ. ಎಸ್ಟೋನಿಯದ ಲಾಯೆಲಾತು ಎಂಬಲ್ಲಿ, ಮರಗಳ ನಡುವಿನ ಇಂಥ ನೆಲದ ಒಂದೇ ಚದರ ಮೀಟರಿನೊಳಗೆ 76 ಬಗೆಯ ಸಸ್ಯಗಳನ್ನು ಎಣಿಸಿದ್ದಾರೆ. ಉಳುಮೆ ಮತ್ತು ರಸಗೊಬ್ಬರ ಬಂದಲ್ಲಿ ಇವು ಉಳಿಯಲಿಲ್ಲ: ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1930ರ ದಶಕದಿಂದ 1984ರೊಳಗೆ ಇಂಥ ನೆಲದ ಶೇ. 97ರಷ್ಟು ಕಳೆದುಹೋಯಿತು.

ನಮ್ಮ ಕರಾವಳಿಯ ಮಾತುಗಳನ್ನೂ ತೂಗಿ ನೋಡಿದೆ. ‘ಪದವು’ ಮುರಕಲ್ಲಿನ ಎತ್ತರದ ಬಯಲಿಗೆ ಇರುವ ಹೆಸರು. ಮಳೆಗಾಲದಲ್ಲಿ ಅಲ್ಲಿ ಕೀಟಾಹಾರಿ ಯುಟ್ರಿಕ್ಯುಲೇರಿಯಾದ ಪುಟ್ಟ ನೀಲಿ ಹೂಗಳು ಹಾಸಿಕೊಳ್ಳುವುದನ್ನು ಕಂಡವರು ಅದನ್ನು ಬರಡು ಎನ್ನಲಾರರು, ಆದರೂ ಆ ಹೆಸರು ಭೂರೂಪವನ್ನಷ್ಟೇ ಹೇಳುತ್ತದೆ. ‘ಕುಮ್ಕಿ’ ಎಂಬುದು ಸಾಗುವಳಿ ಜಮೀನಿನ ಸುತ್ತಲ ನೂರು ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು, ಹುಲ್ಲು, ತರಗೆಲೆ ತರುವ ಹಕ್ಕಿಗೆ ಅಂಟಿಕೊಂಡ ಪದ. ಒಣಮೇವಿಗೆ ಬೈಹುಲ್ಲು ಇದ್ದ ನಮ್ಮವರಿಗೆ ಅದಕ್ಕೆಂದೇ ಬೇರೆ ನೆಲ ಕಾದಿಡುವ ಅಗತ್ಯ ಅಷ್ಟಾಗಿ ಬೀಳಲಿಲ್ಲವೆಂದು ತೋರುತ್ತದೆ. ಹತ್ತಿರ ಬರುವುದೆಂದರೆ ಮಾಡು ಹೊದೆಸಲು ಮುಳಿಹುಲ್ಲು ಕೊಯ್ಯುತ್ತಿದ್ದ ಗುಡ್ಡೆಗಳು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಮನೆಮನೆಗೆ ಹಂಚು ಬರುತ್ತ ಬಂದಂತೆ, ಆ ಕೊಯ್ಲೂ ಕಡಿಮೆಯಾಯಿತು.

‘ಕಾವಲು’ ಎಂಬುದರಲ್ಲಿ ಕಾಯುವ ಅರ್ಥವಿದೆ. ಆದ್ದರಿಂದ ಅದನ್ನು ಉಳಿಸಿಕೊಂಡು ‘ಕೊಯ್ಲುಗಾವಲು’ ಎನ್ನಬಹುದೆಂಬುದು ನನ್ನ ಸೂಚನೆ. ಹೊಸ ಪದ ಟಂಕಿಸುವ ಚಪಲ ನನಗಿಲ್ಲ (ಟಂಕಿಸಿದ ಪದಗಳು ಪುಸ್ತಕ ಬಿಟ್ಟು ಹೊರಬರುವುದೂ ಅಪರೂಪ). ಹಾಗಾಗಿ ಬಲ್ಲವರಲ್ಲಿ ಎರಡು ಪ್ರಶ್ನೆ: ಕುಂದಾಪುರದ ಕಡೆ ಮುಳಿಹುಲ್ಲಿಗೆಂದೇ ಕಾದಿಟ್ಟ ಗುಡ್ಡೆಗೆ ಬೇರೆ ಹೆಸರಿತ್ತೇ? ಕಂದಾಯ ದಾಖಲೆಗಳ ‘ಹುಲ್ಲುಬನ್ನಿ’ ಮಲೆನಾಡಿನ ಆಡುಮಾತಿನಲ್ಲಿ ಬಳಕೆಯಲ್ಲಿದೆಯೇ, ಇದ್ದರೆ ಅದು ಮೇಯಿಸುವ ನೆಲವೋ, ಕೊಯ್ಯುವ ನೆಲವೋ?