ನೀರಾಟ, ಹಂಡೆ ಮತ್ತು 94 ಮೆಸೇಜು

ನಮ್ಮ ‘ಹೊಸಮನೆ ಬಳಗ’ ವಾಟ್ಸಾಪ್ ಗುಂಪಿಗೆ ನಾನು ಅಡ್ಮಿನ್. ಯಾರೂ ಆರಿಸಿದ್ದಲ್ಲ. ಅಜ್ಜಿಯ ವೈಕುಂಠ ಸಮಾರಾಧನೆಗೆ ಅಡುಗೆಯವರ ಲೆಕ್ಕ ಹಂಚಿಕೊಳ್ಳೋಕೆ ಅಂತ ಮಾಡಿದ್ದು. ಲೆಕ್ಕ ಮುಗಿಯಿತು, ಗುಂಪು ಉಳಿಯಿತು.

ಜನವರಿಯ ಒಂದು ಬುಧವಾರ ಬೆಳಿಗ್ಗೆ ಎಂಟೂವರೆಗೆ ನನ್ನ ತಂಗಿ ರಶ್ಮಿ ಅಲ್ಲಿ ಒಂದು ಪ್ರಶ್ನೆ ಹಾಕಿದಳು. ಅವಳಿರುವುದು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಅಲ್ಲಿ ಆಗ ಮಂಗಳವಾರ ರಾತ್ರಿ ಒಂಬತ್ತು.

ರಶ್ಮಿ: ಶುಕ್ರವಾರ ವಿಸ್ಕಾನ್ಸಿನ್ ಡೆಲ್ಸ್‌ಗೆ ಹೊರಟಿದ್ದೇವೆ. ರೆಸಾರ್ಟ್ ಒಳಗೇ ವಾಟರ್ ಪಾರ್ಕ್ ಇದೆ. ಎರಡು ರಾತ್ರಿ. ಹೊರಗೆ ಮೈನಸ್ 15, ಒಳಗೆ 29 ಡಿಗ್ರಿ! ದೊಡ್ಡವನು ಈಗಲೇ ಚಡ್ಡಿ ಹಾಕಿಕೊಂಡು ಕೂತಿದ್ದಾನೆ. ಚಿನ್ನುಗೆ ಹೋದ ವಾರ ಭೇದಿ ಆಗಿತ್ತು, ಭಾನುವಾರದಿಂದ ಸರಿ ಇದ್ದಾಳೆ. ಅವಳನ್ನ ನೀರಿಗೆ ಇಳಿಸಬಹುದಾ? ವೀಣತ್ತಿಗೆ, ನೋಡಿದಾಗ ಹೇಳಿ.

ಇಷ್ಟು ಬರೆದು ಅವಳು ಮಲಗಿದಳು. ವೀಣತ್ತಿಗೆ ಮಂಗಳೂರಿನಲ್ಲಿ ಮಕ್ಕಳ ವಾರ್ಡಿನ ನರ್ಸ್. ಅವತ್ತು ಹಗಲು ಡ್ಯೂಟಿ, ಫೋನು ಲಾಕರಿನಲ್ಲಿ. ಕೇಳಿದವಳೂ ಇಲ್ಲ, ಹೇಳಬೇಕಾದವರೂ ಇಲ್ಲ. ಮಿಕ್ಕವರೆಲ್ಲ ಇದ್ದೆವು.

ಹನ್ನೊಂದು ನಿಮಿಷಕ್ಕೆ ತೀರ್ಥಹಳ್ಳಿಯಿಂದ ಚಿಕ್ಕಮ್ಮನ ಫಾರ್ವರ್ಡ್ ಬಂತು. ತಲೆ ಮೇಲೆ ‘ಅನೇಕ ಬಾರಿ ಫಾರ್ವರ್ಡ್ ಆಗಿದೆ’ ಅನ್ನುವ ಜೋಡಿ ಬಾಣ.

“ಎಚ್ಚರ!! ತಾಯಂದಿರೇ ತಪ್ಪದೇ ಓದಿ!! ಈಜುಕೊಳದಲ್ಲಿ ಮಗು ಒಂದೇ ಒಂದು ಚಮಚ ನೀರು ಕುಡಿದರೂ ಸಾಕು. ಮನೆಗೆ ಬರುತ್ತದೆ, ಊಟ ಮಾಡುತ್ತದೆ, ಆಡುತ್ತದೆ. ಏಳನೇ ದಿನ ಮಲಗಿದಲ್ಲೇ… ಇದರ ಹೆಸರು ಡ್ರೈ ಡ್ರೌನಿಂಗ್. ಅಮೆರಿಕದ ದೊಡ್ಡ ಡಾಕ್ಟರೇ ಹೇಳಿದ್ದಾರೆ. ಹತ್ತು ಜನಕ್ಕೆ ಕಳಿಸಿ, ಒಂದು ಜೀವ ಉಳಿಸಿ.”

ಚಿಕ್ಕಮ್ಮ: ಪುಟ್ಟೀ ನೋಡಮ್ಮ. ಹೇಳೋದು ನನ್ನ ಕರ್ತವ್ಯ, ಹೇಳಿದೆ.

ಗುರು: ಅತ್ತೆ, ಸೋರ್ಸ್ ಏನು?

ಗುರು ನಮ್ಮ ಸುಮತ್ತೆಯ ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರ್. ಗುಂಪಿನಲ್ಲಿ ಅವನು ಬರೆಯುವುದೇ ‘ಸೋರ್ಸ್ ಏನು’ ಅನ್ನುವ ಎರಡು ಪದ. ಹುಟ್ಟುಹಬ್ಬಕ್ಕೆ ಮಾತ್ರ ಬೇರೆ ಎರಡು.

ಚಿಕ್ಕಮ್ಮ: ಸೋರ್ಸು ಗೀರ್ಸು ನನಗೆ ಗೊತ್ತಿಲ್ಲಪ್ಪ. ಭಜನಾ ಮಂಡಳಿ ಗುಂಪಲ್ಲಿ ಬಂತು.

ಗುರು: ಯಾವ ಡಾಕ್ಟರು? ಯಾವ ಆಸ್ಪತ್ರೆ? ಈ ‘ದೊಡ್ಡ ಡಾಕ್ಟರು’ ಎಲ್ಲ ಫಾರ್ವರ್ಡಲ್ಲೂ ಇರ್ತಾರೆ, ಹೆಸರು ಮಾತ್ರ ಇರಲ್ಲ.

ಚಿಕ್ಕಮ್ಮ: 2016ರಲ್ಲಿ 2000 ರೂಪಾಯಿ ನೋಟಲ್ಲಿ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತೆ ಅಂತ ಕಳಿಸಿದ್ದು ಯಾರು? ಅದನ್ನ ಹೇಳಿದವರ ಹೆಸರು ಹೇಳು ಮೊದಲು.

ಗುರು ಟೈಪ್ ಮಾಡುತ್ತಿದ್ದಾನೆ ಅಂತ ಐದು ನಿಮಿಷ ತೋರಿಸುತ್ತಲೇ ಇತ್ತು.

ಗುರು: ಅದು ಜೋಕಿಗೆ ಕಳಿಸಿದ್ದು.

ಸುಮತ್ತೆ: ಜೋಕಲ್ಲ. ನೋಟನ್ನ ಟ್ಯೂಬ್‌ಲೈಟಿಗೆ ಹಿಡಿದು ಹಿಡಿದು ನೋಡ್ತಿದ್ದ. ನಾನೇ ಕಂಡಿದ್ದೇನೆ.

ಹೆತ್ತ ತಾಯಿ. ಏನು ಮಾಡೋಕಾಗುತ್ತೆ.

ಇಷ್ಟರಲ್ಲಿ ದೊಡ್ಡಪ್ಪನ ಪೂಜೆ ಮುಗಿದಿತ್ತು.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ನೀರು ಅಂದರೆ ಗಂಗೆ. ಗಂಗೆಗೆ ಟಿಕೆಟ್ ಇಟ್ಟು ಇಳಿಯುವ ಕಾಲ ಬಂತು. ಹೊರಗೆ ಹಿಮ ಬೀಳುವಾಗ ಒಳಗೆ ನೀರಾಟ ಆಡಿದರೆ ಮಗುವಿಗೆ ಶೀತ ಆಗದೆ ಇನ್ನೇನಾಗುತ್ತದೆ. ಮಕ್ಕಳಿಗೆ ಬೇಕಾದ್ದು ಆರೋಗ್ಯ, ಮೋಜಲ್ಲ. ಎರಡು ರಾತ್ರಿಗೆ ಎಷ್ಟು ಕೊಟ್ಟರಂತೆ?

ಪ್ರಸನ್ನಣ್ಣ: ಅಪ್ಪಾ, ಬಿಡದಿ ಹತ್ತಿರ ವಂಡರ್‌ಲಾಗೆ ಹೋದಾಗ ಅಲೆ ಬರೋ ಕೊಳದಿಂದ ನಿಮ್ಮನ್ನ ಎಬ್ಬಿಸೋಕೆ ಮೂರು ಜನ ಬೇಕಾಯ್ತು. ಟಿಕೆಟ್ ತಗೊಂಡಿದ್ದು ನಾನೇ.

ದೊಡ್ಡಪ್ಪ: ಅದು ಬೇಸಿಗೆ.

ಡೆಲ್ಸ್ ಎಂಥ ಊರು ಅಂತ ಯಾರೂ ಕೇಳಲಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ನಾನು ಹೋಗಿ ಬಂದಿದ್ದೆ, ಫೋಟೋ ಹಾಕಿದ್ದೆ, ಯಾರಿಗೂ ನೆನಪಿಲ್ಲ. ಪುಟ್ಟ ಊರು. ವಿಸ್ಕಾನ್ಸಿನ್ ನದಿ ಮರಳುಗಲ್ಲನ್ನು ಕೊರೆದು ಮಾಡಿದ ಕಮರಿ ನೋಡೋಕೆ ಹಿಂದಿನಿಂದಲೂ ಜನ ಬರುತ್ತಿದ್ದರಂತೆ, ಅದೂ ಬೇಸಿಗೆಯಲ್ಲಿ. ಚಳಿಗಾಲದಲ್ಲೂ ರೂಮು ತುಂಬಲಿ ಅಂತ ಹೋಟೆಲಿನವರು ಸೂರಿನ ಕೆಳಗೇ ನೀರಾಟ ಕಟ್ಟಿದರು. ಈಗ ಊರು ತನ್ನನ್ನು ‘ಜಗತ್ತಿನ ವಾಟರ್ ಪಾರ್ಕ್ ರಾಜಧಾನಿ’ ಅಂತಲೇ ಕರೆದುಕೊಳ್ಳುತ್ತದೆ. ಇದನ್ನು ಬರೆಯೋಣ ಅಂತ ಶುರು ಮಾಡಿದೆ. ಅಷ್ಟರಲ್ಲಿ ಚಿಕ್ಕಪ್ಪ ಮಾತಾಡಿದರು. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವರು, ಗುಂಪಿನಲ್ಲಿ ಹೆಬ್ಬೆರಳು ಬಿಟ್ಟರೆ ಬೇರೇನೂ ಒತ್ತದವರು.

ಚಿಕ್ಕಪ್ಪ: ಕ್ಲೋರಿನ್ ವಾಸನೆ ಜೋರಾಗಿದ್ದರೆ ನೀರು ಶುದ್ಧ. ಚಿಂತೆ ಬೇಡ.

ಚಿಕ್ಕಮ್ಮ: ನಾನು ಬೇಡ ಅಂದಾಗಲೇ ನೀವು ಚಿಂತೆ ಬೇಡ ಅನ್ನಬೇಕಾ?

ಅವರಿಬ್ಬರೂ ಒಂದೇ ಜಗಲಿಯಲ್ಲಿ ಕೂತು ಇದನ್ನು ಬರೆದದ್ದು.

ಆಮೇಲೆ ಪ್ರಸನ್ನಣ್ಣ ತುಂಗೆಗೆ ಇಳಿದ. ಅವನು ಇಳಿದರೆ ಬೇಗ ಮೇಲೆ ಬರುವವನಲ್ಲ.

ಪ್ರಸನ್ನಣ್ಣ: ಎರಡು ಒಣ ತೆಂಗಿನಕಾಯಿ ಬೆನ್ನಿಗೆ ಕಟ್ಟಿ ಅಜ್ಜ ಹೊಳೆಗೆ ತಳ್ತಿದ್ರು. ಯಾವ ಲೈಫ್‌ಗಾರ್ಡು, ಯಾವ ಟಿಕೆಟ್ಟು! ಚಳಿಯಲ್ಲಿ ನಡುಗುತ್ತಾ ಮನೆಗೆ ಬಂದ್ರೆ ಬಚ್ಚಲ ಒಲೆಯಲ್ಲಿ ಅಡಿಕೆ ಸಿಪ್ಪೆ ಉರೀತಾ ಇರೋದು. ಹಂಡೆ ತುಂಬ ಕುದಿಯೋ ನೀರು. ಅಜ್ಜಿ ಎಣ್ಣೆ ತಟ್ಟಿ, ದಾಸವಾಳ ಸೊಪ್ಪಿನ ಲೋಳೆ ಹಚ್ಚಿ, ‘ಕಣ್ಣು ಮುಚ್ಚೋ’ ಅನ್ನೋ ಮೊದಲೇ ಒಂದು ಚೊಂಬು ಸುರೀತಿದ್ರು. ಆ ಹೊಗೆ ವಾಸನೆ ಇನ್ನೂ ಮೂಗಲ್ಲಿದೆ.

ಇದಕ್ಕೆ ಹದಿನಾಲ್ಕು ಹೃದಯ ಬಿದ್ದವು. ನಾನೂ ಒಂದು ಒತ್ತಿದೆ, ಸುಳ್ಳು ಯಾಕೆ ಹೇಳಲಿ. ಹೊಳೆಯ ಪಾಲಾದ ಮಕ್ಕಳ ಕಥೆಯನ್ನೂ ಅದೇ ಅಜ್ಜಿ ಹೇಳುತ್ತಿದ್ದದ್ದು ಆಗ ಯಾರಿಗೂ ನೆನಪಾಗಲಿಲ್ಲ.

ಹದಿನೈದನೆಯದಾಗಿ ಬಂದದ್ದು ಹೃದಯವಲ್ಲ.

ದೊಡ್ಡಪ್ಪ: ಆ ಹಂಡೆ ಈಗ ಎಲ್ಲಿದೆ?

ಒಂಬತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮನೆ ಪಾಲಾದಾಗ ಮನೆ ಚಿಕ್ಕಪ್ಪನಿಗೆ ಬಂತು. ತೋಟ, ಬೆಳ್ಳಿ, ಅಟ್ಟದ ಮೇಲಿನ ಹಿತ್ತಾಳೆ ಎಲ್ಲಕ್ಕೂ ಪಟ್ಟಿ ಆಯಿತು. ತಾಮ್ರದ ಹಂಡೆ ಒಲೆಯ ಮೇಲೇ ಕೂತಿತ್ತಲ್ಲ, ಅದು ಸಾಮಾನೋ ಮನೆಯ ಭಾಗವೋ ಅಂತ ತೀರ್ಮಾನ ಆಗಲೇ ಇಲ್ಲ.

ಚಿಕ್ಕಮ್ಮ: ಭಾವ, ಏನು ಕೇಳಬೇಕು ಅಂತಿದ್ದೀರೋ ನೇರವಾಗಿ ಕೇಳಿ.

ದೊಡ್ಡಪ್ಪ: ನೇರವಾಗೇ ಕೇಳಿದ್ದೇನೆ ಶಾರದಾ. ಸೋಲಾರ್ ಹಾಕಿಸಿದಾಗ ಹಂಡೆ ಗುಜರಿಗೆ ಹೋಯಿತು ಅಂತ ನನ್ನ ಕಿವಿಗೆ ಬಿದ್ದಿದೆ.

ಗುರು: ಸೋರ್ಸ್ ಏನು, ಮಾವ?

ಇಷ್ಟು ವರ್ಷದಲ್ಲಿ ಅವನ ಪ್ರಶ್ನೆ ಚಿಕ್ಕಮ್ಮನ ಪರವಾಗಿ ಬಂದದ್ದು ಅದೇ ಮೊದಲು. ಅವರು ಅದಕ್ಕೆ ಹೆಬ್ಬೆರಳು ಒತ್ತಿದರು.

ದೊಡ್ಡಪ್ಪ: ನೀನು ಸುಮ್ನಿರು.

ಸುಮತ್ತೆ: ಇದರಲ್ಲಿ ನನ್ನ ಹೆಸರು ತರಬೇಡಿ.

ಯಾರೂ ತಂದಿರಲಿಲ್ಲ.

ಅಲ್ಲಿಂದ ಮಧ್ಯಾಹ್ನ ಎರಡರವರೆಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮದುವೆಯ ಉಡುಗೊರೆ ಸೀರೆ, ಒಂದು ನಾಮಕರಣಕ್ಕೆ ಫೋನಿನಲ್ಲೇ ಕರೆದದ್ದು, ಅಜ್ಜಿಯ ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ರಾತ್ರಿ ಯಾರು ಕೂತರು ಯಾರು ಕೂರಲಿಲ್ಲ, ಎಲ್ಲ ಬಂದವು. ಇಬ್ಬರು ಗುಂಪು ಬಿಟ್ಟರು. ಒಬ್ಬರನ್ನು ವಾಪಸು ಸೇರಿಸಿದೆ. ಇನ್ನೊಬ್ಬರು ಕೈ ತಪ್ಪಿ ಒತ್ತಿದ್ದಂತೆ.

ಎರಡೂಕಾಲಿಗೆ ಚಿಕ್ಕಮ್ಮ ಒಂದು ಫೋಟೋ ಹಾಕಿದರು. ಹಿಂದಿನ ಕೊಟ್ಟಿಗೆಯ ಮೂಲೆಯಲ್ಲಿ ಮಣೆ ಮೇಲೆ ಹಂಡೆ. ಹೊಟ್ಟೆಯ ಕೆಳಗೆಲ್ಲ ಮಸಿ, ಕಂಠದ ಹತ್ತಿರ ತಾಮ್ರ ಹೊಳೆಯುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ್ದು ಫೋಟೋದಲ್ಲೇ ಗೊತ್ತಾಗುತ್ತಿತ್ತು.

ದೊಡ್ಡಪ್ಪ: ಇದು ಅದಲ್ಲ. ನಮ್ಮ ಹಂಡೆಗೆ ಒಂದು ತಗ್ಗು ಇತ್ತು. ನೀರು ತುಂಬುವ ಹಬ್ಬದ ದಿನ ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದಾಗ ಪ್ರಸನ್ನ ಸೈಕಲ್ ಗುದ್ದಿಸಿದ್ದ.

ಪ್ರಸನ್ನಣ್ಣ: ನಾನಲ್ಲ, ಗುರು.

ಗುರು: ನಾನಾಗ ಹುಟ್ಟೇ ಇರಲಿಲ್ಲ.

ಆ ಹೊತ್ತಿಗೆ, ಮೂರೂವರೆಗೆ, ವೀಣತ್ತಿಗೆಯ ಡ್ಯೂಟಿ ಮುಗಿಯಿತು. ಇಡೀ ದಿನದಲ್ಲಿ ಉಪಯೋಗದ ಮೆಸೇಜು ಇದೊಂದೇ, ಅದಕ್ಕೇ ಪೂರ್ತಿ ಹಾಕುತ್ತೇನೆ.

ವೀಣತ್ತಿಗೆ: ರಶ್ಮಿ, ಚಿನ್ನು ವಿಷಯ ಮೊದಲು. ಭೇದಿ ಏನಿಂದ ಬಂತು ಅಂತ ಮಲ ಪರೀಕ್ಷೆ ಮಾಡಿಸಿದ್ದೀರಾ? ಕ್ರಿಪ್ಟೋಸ್ಪೊರಿಡಿಯಂ ಅಂತ ಒಂದು ಸೂಕ್ಷ್ಮಜೀವಿ ಇದೆ. ಬೇರೆ ರೋಗಾಣುಗಳಲ್ಲಿ ಹೆಚ್ಚಿನವು ಕ್ಲೋರಿನ್‌ಗೆ ನಿಮಿಷಗಳಲ್ಲಿ ಸಾಯುತ್ತವೆ. ಇದು ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ ಏಳು ದಿನಕ್ಕಿಂತ ಜಾಸ್ತಿ ಬದುಕುತ್ತೆ. ಅದಾಗಿದ್ದರೆ ಭೇದಿ ಪೂರ್ತಿ ನಿಂತ ಮೇಲೂ ಎರಡು ವಾರ ಕೊಳಕ್ಕೆ ಇಳಿಯಬಾರದು ಅಂತ ನಿಮ್ಮ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳುತ್ತೆ. ಈಜೋ ಡಯಾಪರ್ ನಂಬಬೇಡ, ಅದು ತೆಳು ಭೇದಿಯನ್ನ ತಡೆಯಲ್ಲ. ಇದು ಚಿನ್ನುಗಿಂತ ಪಕ್ಕದ ಮಕ್ಕಳ ಪ್ರಶ್ನೆ. ನಾಳೆ ನಿಮ್ಮ ಡಾಕ್ಟರಿಗೆ ಫೋನ್ ಮಾಡು.

ಚಿಕ್ಕಮ್ಮಾ, ಆ ಫಾರ್ವರ್ಡ್ ಸರಿಯಿಲ್ಲ. ಆರಾಮಾಗಿದ್ದ ಮಗು ಏಳನೇ ದಿನ ಸುಮ್ನೆ ಹೋಗಿಬಿಡಲ್ಲ. ‘ಡ್ರೈ ಡ್ರೌನಿಂಗ್’ ಅನ್ನೋ ಮಾತೇ ಬೇಡ ಅಂತ 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಹೇಳಿಯಾಯ್ತು. ಆದರೆ ನೀರಲ್ಲಿ ಮುಳುಗಿ ಒದ್ದಾಡಿ ಎದ್ದ ಮಗುವಿಗೆ ಕೆಮ್ಮು ನಿಲ್ಲದಿದ್ದರೆ, ಉಸಿರು ಕಷ್ಟ ಆದರೆ, ಮಂಪರು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಅದು ಕೆಲವು ಗಂಟೆಗಳಲ್ಲೇ ಗೊತ್ತಾಗುತ್ತೆ.

ನಿಜವಾದ ಭಯ ಬೇರೆ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳು ಅತಿ ಹೆಚ್ಚು ಸಾಯುವುದು ನೀರಲ್ಲಿ ಮುಳುಗಿಯೇ. ಸದ್ದೇ ಇರಲ್ಲ. ದೊಡ್ಡವನಿಗೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಹಾಕು, ತೋಳಿಗೆ ಸಿಕ್ಕಿಸೋ ಬಲೂನು ಬೇಡ. ಒಬ್ಬರು ಕೈಗೆಟಕುವಷ್ಟು ದೂರದಲ್ಲೇ ಇರಿ, ಆ ಒಬ್ಬರ ಕೈಯಲ್ಲಿ ಫೋನ್ ಇರಬಾರದು. ಮತ್ತೆ ಮಾವಾ, ಮೂಗಿಗೆ ಹೊಡೆಯೋ ವಾಸನೆ ಶುದ್ಧ ನೀರಿಂದಲ್ಲ. ಬೆವರು, ಉಚ್ಚೆ ಕ್ಲೋರಿನ್ ಜೊತೆ ಸೇರಿದಾಗ ಹಾಗೆ ಬರೋದು. ನಾಲ್ಕು ಗೋಡೆ ಒಳಗೆ ಅದು ಹೊರಗೂ ಹೋಗಲ್ಲ, ಕಣ್ಣು ಉರಿಯುತ್ತೆ.

ಇದು ಬಂದು ನಿಮಿಷವಾಗುವುದರಲ್ಲಿ ಚಿಕ್ಕಮ್ಮನ ಎರಡನೇ ಫೋಟೋ ಬಂತು. ಹಂಡೆಯನ್ನು ತಿರುಗಿಸಿ ತೆಗೆದಿದ್ದರು. ಬಲ ಪಕ್ಕದಲ್ಲಿ ಅಂಗೈಯಷ್ಟು ಅಗಲದ ತಗ್ಗು. ಅದರ ಪಕ್ಕ ಬಳೆ ಹಾಕಿದ ಚಿಕ್ಕಮ್ಮನ ಬೆರಳು.

ವೀಣತ್ತಿಗೆಯ ಮೆಸೇಜು ಮೇಲೆ ಸರಿದು ಹೋಯಿತು. ಅದಕ್ಕೆ ಬಿದ್ದದ್ದು ಒಂದೇ ಒಂದು ನಮಸ್ಕಾರ, ದೊಡ್ಡಪ್ಪನದು. ಅದು ಹಂಡೆಗೆ ಹಾಕಲು ಹೋಗಿ ತಪ್ಪಿ ಬಿದ್ದದ್ದು ಅಂತ ನನ್ನ ಅನುಮಾನ.

ಸಂಜೆ ಆರೂವರೆಗೆ ರಶ್ಮಿ ಎದ್ದಳು. 94 ಮೆಸೇಜು.

ರಶ್ಮಿ: ಯಾರ ಹಂಡೆ?

ಮಾರನೆಯ ದಿನ ನನಗೆ ಫೋನ್ ಮಾಡಿದಳು. ಪರೀಕ್ಷೆ ಆಗಿರಲಿಲ್ಲ. ಯಾವುದಕ್ಕೂ ಈ ಸಲ ಚಿನ್ನುವನ್ನ ಕೊಳಕ್ಕೆ ಇಳಿಸಬೇಡಿ ಅಂದರಂತೆ ಡಾಕ್ಟರು. ರೂಮಿನ ದುಡ್ಡು ವಾಪಸು ಬರಲ್ಲ, ದೊಡ್ಡವನು ಚಡ್ಡಿ ಬಿಚ್ಚಲ್ಲ, ಹಾಗಾಗಿ ಹೊರಟರು. “ಅಲ್ಲ ಅಕ್ಕ, ಚಿಕ್ಕಮ್ಮ ಆ ಫಾರ್ವರ್ಡನ್ನ ನನಗೇ ಅಂತ ಕಳಿಸಿದ್ದು ಅಲ್ವಾ?” ಅಂತ ಕೇಳಿದಳು. ಹೌದು ಅಂದರೆ ಒಂದು ಜಗಳ, ಅಲ್ಲ ಅಂದರೆ ಸುಳ್ಳು. ಕುಕ್ಕರ್ ಕೂಗ್ತಿದೆ ಅಂದು ಇಟ್ಟೆ.

ಭಾನುವಾರ ಬೆಳಿಗ್ಗೆ ಫೋಟೋ ಬಂದವು. ಒಂದರಲ್ಲಿ ಸಾವಿರ ಗ್ಯಾಲನ್ನಿನ ದೈತ್ಯ ಬಕೆಟ್ಟು ಮೇಲಿಂದ ಮಗುಚುತ್ತಿದೆ. ಕೆಳಗೆ ಲೈಫ್ ಜಾಕೆಟ್ಟಿನೊಳಗೆ ಅರ್ಧ ಮುಖ ಮುಚ್ಚಿದ ದೊಡ್ಡವನು, ಒಂದು ಮೊಳ ದೂರದಲ್ಲಿ ಅವನ ಅಪ್ಪ. ಇನ್ನೊಂದು ರೂಮಿನ ಬಾತ್‌ಟಬ್. ಚಿನ್ನು ಹೋಟೆಲಿನ ಕಾಫಿ ಕಪ್ಪಿನಲ್ಲಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದಾಳೆ, ಕಣ್ಣು ಗಟ್ಟಿಯಾಗಿ ಮುಚ್ಚಿ.

ಚಿಕ್ಕಮ್ಮ: ಎಷ್ಟು ನೀರು ಬಿಟ್ಟಿದ್ದೀಯೇ? ನೀನು ಪಕ್ಕದಲ್ಲೇ ಇದ್ದೀಯಾ?

ರಶ್ಮಿ: ಮಗುವಿನ ಸೊಂಟದವರೆಗೂ ಇಲ್ಲ ಚಿಕ್ಕಮ್ಮ. ಇಲ್ಲೇ ನೆಲದ ಮೇಲೆ ಕೂತಿದ್ದೇನೆ, ಸೀರೆ ಆಗಿದ್ದರೆ ಇಷ್ಟೊತ್ತಿಗೆ ಹಿಂಡಬೇಕಿತ್ತು.

ದೊಡ್ಡಪ್ಪ ಬಾತ್‌ಟಬ್ಬಿನ ಬಗ್ಗೆ ಏನೂ ಹೇಳಲಿಲ್ಲ. ಬುಧವಾರದ ಹಂಡೆಯ ಫೋಟೋವನ್ನು ಹುಡುಕಿ ತೆಗೆದು, ಅದರ ಕೆಳಗೆ ಬರೆದರು.

ದೊಡ್ಡಪ್ಪ: ಶಾರದಾ, ಆ ತಗ್ಗು ತಟ್ಟಿಸಬೇಡ. ಹಾಗೇ ಇರಲಿ.

ಚಿಕ್ಕಪ್ಪ ಹೆಬ್ಬೆರಳು ಒತ್ತಿದರು. ಹಂಡೆಗೋ, ಚಿನ್ನುಗೋ ಗೊತ್ತಾಗಲಿಲ್ಲ.