ತೋರಿಸಿದರೂ ‘ಬಿಡುಗಡೆ’, ಮಾರಿದರೂ ‘ಬಿಡುಗಡೆ’: ಬೇರೆ ಬೇರೆ ಪದ ಬೇಡವಾ?

ಎಲ್ಲರಿಗೂ ನಮಸ್ಕಾರ. ಗ್ಯಾಜೆಟ್ ಸುದ್ದಿಗಳಲ್ಲಿ ಬರುವ ‘ಬಿಡುಗಡೆ’ ಪದದ ಬಗ್ಗೆ ಕೇಳಬೇಕಿತ್ತು. ಆಪಲ್‌ನಂಥ ಕಂಪನಿ ವೇದಿಕೆ ಮೇಲೆ ಹೊಸ ಫೋನೋ ವಾಚೋ ತೋರಿಸಿದ ಕೂಡಲೇ ‘ಹೊಸ ಫೋನ್ ಬಿಡುಗಡೆ’ ಅಂತ ಕನ್ನಡದಲ್ಲಿ ಸುದ್ದಿ ಬರುತ್ತದೆ. ಅದೇ ಫೋನು ಮಾರಾಟಕ್ಕೆ ಬಂದ ದಿನವೂ ‘ಬಿಡುಗಡೆ’. ಇನ್ನೊಂದು ದೇಶದಲ್ಲಿ ತಡವಾಗಿ ಸಿಕ್ಕರೆ ಮತ್ತೊಮ್ಮೆ ‘ಬಿಡುಗಡೆ’. ಒಂದೇ ವಸ್ತು ಎಷ್ಟು ಸಲ ಬಿಡುಗಡೆ ಆಗಬೇಕು? ಓದುವವರು ಮೊದಲು ತಿಳಿಯಬೇಕಾದ್ದು, ಇದು ಈಗ ಸಿಗುತ್ತದಾ ಇಲ್ಲವಾ ಅನ್ನುವುದು. ಅದನ್ನೇ ಈ ಪದ ಹೇಳುತ್ತಿಲ್ಲ.

ಕನ್ನಡದಲ್ಲಿ ಬಿಡುಗಡೆ ಅಂದರೆ ಹಿಡಿದಿಟ್ಟದ್ದು ಹೊರಗೆ ಬರುವುದು. ಜೈಲಿನಿಂದ ಕೈದಿ ಬಿಡುಗಡೆ, ಅಣೆಕಟ್ಟಿನಿಂದ ನೀರು ಬಿಡುಗಡೆ, ಖಜಾನೆಯಿಂದ ಅನುದಾನ ಬಿಡುಗಡೆ. ಪುಸ್ತಕ ಬಿಡುಗಡೆ ಆಯಿತು ಅಂದರೆ ಪ್ರತಿ ಕೊಳ್ಳಬಹುದು. ಸಿನಿಮಾ ಸುದ್ದಿ ಬರೆಯುವವರಂತೂ ಇದನ್ನು ಚೆನ್ನಾಗಿಯೇ ನಿಭಾಯಿಸಿದ್ದಾರೆ: ಟೀಸರ್ ಬಂದಾಗ ಟೀಸರ್ ಬಿಡುಗಡೆ, ಟ್ರೇಲರ್ ಬಂದಾಗ ಟ್ರೇಲರ್ ಬಿಡುಗಡೆ, ಜನ ಟಿಕೆಟ್ ತಗೊಂಡು ಒಳಗೆ ಹೋಗುವ ದಿನ ಮಾತ್ರ ಚಿತ್ರ ಬಿಡುಗಡೆ. ಟ್ರೇಲರ್ ನೋಡಿ ‘ಚಿತ್ರ ಬಿಡುಗಡೆಯಾಯಿತು’ ಅಂತ ಯಾರೂ ಬರೆಯುವುದಿಲ್ಲ ಅಲ್ವಾ? ಹಾಗಿದ್ದ ಮೇಲೆ ವೇದಿಕೆ ಮೇಲೆ ತೋರಿಸಿ ಮತ್ತೆ ಒಳಗಿಟ್ಟ ಫೋನು ಮಾತ್ರ ಬಿಡುಗಡೆ ಆದದ್ದು ಹೇಗೆ?

ಇಂಗ್ಲಿಷಿನ ‘ಲಾಂಚ್’ ಪದವೂ ಹೀಗೆಯೇ ಸಡಿಲವಾಗಿದೆ, ತೋರಿಸುವುದಕ್ಕೂ ಮಾರುವುದಕ್ಕೂ ಅದೇ. ಅದರ ಜಾಗಕ್ಕೆ ನಾವು ‘ಬಿಡುಗಡೆ’ಯನ್ನು ಕೂರಿಸಿದೆವು, ಅದರ ಸಡಿಲವೂ ಜೊತೆಗೇ ಬಂತು ಅನ್ನಿಸುತ್ತದೆ.

ನಡುವಿನ ಅಂತರ ಎರಡು ಮೂರು ವಾರ ಇದ್ದರೆ ಅಷ್ಟೇನೂ ತೊಂದರೆ ಇಲ್ಲ. ಆದರೆ ಮೊದಲ ಐಫೋನನ್ನೇ ನೋಡಿ. ತೋರಿಸಿದ್ದು 2007ರ ಜನವರಿ 9, ಮಾರಾಟ ಶುರುವಾದದ್ದು ಜೂನ್ 29. ಅಷ್ಟು ಮುಂಚೆ ತೋರಿಸಲು ಕಾರಣವನ್ನು ಸ್ಟೀವ್ ಜಾಬ್ಸ್ ಅದೇ ವೇದಿಕೆಯಲ್ಲಿ ಹೇಳಿದ್ದರು. ಫೋನು ಮಾರಲು ಅಮೆರಿಕದ ಸಂಪರ್ಕ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ಒಪ್ಪಿಗೆ ಬೇಕು, ಅದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ, ಆ ಕಡತಗಳಿಂದ ಜನರಿಗೆ ಗೊತ್ತಾಗುವ ಬದಲು ನಾವೇ ತೋರಿಸುವುದು ಮೇಲು ಅನ್ನುವ ಅರ್ಥದ ಮಾತು ಅದು. ಅಂದರೆ ಆ ದಿನ ಮಾರಲು ಅವರಿಗೆ ಒಪ್ಪಿಗೆಯೇ ಸಿಕ್ಕಿರಲಿಲ್ಲ. ಅದನ್ನು ಬಿಡುಗಡೆ ಅನ್ನಲು ಬರುವುದೇ ಇಲ್ಲ. ಆಪಲ್ ವಾಚ್ 2014ರ ಸೆಪ್ಟೆಂಬರ್ 9ಕ್ಕೆ ಕಾಣಿಸಿಕೊಂಡು 2015ರ ಏಪ್ರಿಲ್ 24ಕ್ಕೆ ಮಾರಾಟಕ್ಕೆ ಬಂತು. ಕಣ್ಣಿಗೆ ಹಾಕಿಕೊಳ್ಳುವ ಹೆಡ್‌ಸೆಟ್ ವಿಷನ್ ಪ್ರೊ 2023ರ ಜೂನ್ 5ಕ್ಕೆ ಕಾಣಿಸಿ, 2024ರ ಫೆಬ್ರವರಿ 2ಕ್ಕೆ ಅಮೆರಿಕದಲ್ಲಿ ಮಾತ್ರ ಸಿಕ್ಕಿತು. ಜಪಾನ್, ಚೀನಾ, ಸಿಂಗಪುರದವರು ಜೂನ್ ಕೊನೆವರೆಗೂ ಕಾದರು.

ಎಲ್ಲಕ್ಕಿಂತ ಗಟ್ಟಿ ಉದಾಹರಣೆ ಏರ್‌ಪವರ್. ಫೋನು, ವಾಚು, ಇಯರ್‌ಫೋನ್ ಡಬ್ಬಿ ಮೂರನ್ನೂ ಒಟ್ಟಿಗೆ ಇಟ್ಟು ಚಾರ್ಜ್ ಮಾಡುವ ಹಾಸು. 2017ರ ಸೆಪ್ಟೆಂಬರ್ 12ರಂದು ತೋರಿಸಿದರು, ಮುಂದಿನ ವರ್ಷ ಬರುತ್ತದೆ ಅಂದರು. 2019ರ ಮಾರ್ಚ್ 29ರಂದು, ನಮ್ಮ ಮಟ್ಟಕ್ಕೆ ಅದು ಬರುತ್ತಿಲ್ಲ, ಕೈಬಿಟ್ಟಿದ್ದೇವೆ ಅಂತ ಕಂಪನಿಯೇ ಹೇಳಿತು. ಯಾರ ಕೈಗೂ ಸಿಗದೆ ಹೋದ ವಸ್ತು ಇದು. ತೋರಿಸಿದ ದಿನ ‘ಏರ್‌ಪವರ್ ಬಿಡುಗಡೆ’ ಅಂತ ಬರೆದಿದ್ದರೆ ಅದು ಸಡಿಲ ಕನ್ನಡ ಅಷ್ಟೇ ಅಲ್ಲ, ಸುಳ್ಳು ಸುದ್ದಿ.

ಹಾಗಾದರೆ ತೋರಿಸಿದ ದಿನಕ್ಕೆ ಯಾವ ಪದ? ‘ಘೋಷಣೆ’ ತಪ್ಪಲ್ಲ, ಆದರೆ ನನ್ನ ಕಿವಿಗೆ ಅದರಲ್ಲಿ ಸರ್ಕಾರದ ಗತ್ತು ಜಾಸ್ತಿ. ಚುನಾವಣೆ ಘೋಷಣೆ, ರಜೆ ಘೋಷಣೆ, ಇಲ್ಲವೇ ಮೆರವಣಿಗೆಯಲ್ಲಿ ಕೂಗುವ ಘೋಷಣೆ. ‘ಲೋಕಾರ್ಪಣೆ’ ಅಂದರೆ ಎಲ್ಲರಿಗೂ ಕೊಟ್ಟುಬಿಟ್ಟದ್ದು, ಮಾರುವ ಸರಕಿಗೆ ಅದು ಸಲ್ಲದು. ‘ಮಾರುಕಟ್ಟೆಗೆ ಲಗ್ಗೆ’ ಬಿಟ್ಟೇಬಿಡೋಣ, ಕೋಟೆ ಮುತ್ತುವವರ ಮಾತು ಅದು. ಮಾರುಕಟ್ಟೆಗೆ ಇನ್ನೂ ಬಾರದ ವಸ್ತುವಿಗೆ ಅದನ್ನು ಬಳಸಿದ್ದು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ‘ಅನಾವರಣ’ ನನಗೆ ಹಿಡಿಸಿದೆ. ಪ್ರತಿಮೆ ಅನಾವರಣ ಅಂದಾಗ ಮುಸುಕು ತೆಗೆದರು, ಎಲ್ಲರೂ ನೋಡಿದರು, ಯಾರೂ ಮನೆಗೆ ಒಯ್ಯಲಿಲ್ಲ. ಇಲ್ಲಿ ಆಗಿರುವುದೂ ಅದೇ. ಇನ್ನೂ ಸುಲಭವಾಗಿ ಬರೆಯುವುದಾದರೆ ‘ತೋರಿಸಿದೆ’ ಸಾಕು. ‘ಹೊಸ ವಾಚ್ ತೋರಿಸಿದ ಆಪಲ್, ಮಾರಾಟ ಏಪ್ರಿಲ್‌ನಲ್ಲಿ’ ಅಂತ ಬರೆದರೆ ಏನು ಕಡಿಮೆಯಾಯಿತು? ಬಿಡುಗಡೆಯನ್ನು ಕೈಗೆ ಸಿಗುವ ದಿನಕ್ಕೆ ಉಳಿಸಿಕೊಳ್ಳೋಣ ಅನ್ನುವುದು ನನ್ನ ವಾದ. ಪ್ರೀ-ಆರ್ಡರ್‌ಗೆ ‘ಮುಂಗಡ ಬುಕಿಂಗ್’ ಆಗಲೇ ಓಡಾಡುತ್ತಿದೆ, ಅದರ ತಕರಾರಿಲ್ಲ.

ಇದೇ ಸುದ್ದಿಗಳಲ್ಲಿ ಇನ್ನೊಂದು ಪದ ನನ್ನನ್ನು ಜಾಸ್ತಿ ಕಾಡುತ್ತದೆ: ‘ವರೆಗೆ’. ಮೊದಲ ಆಪಲ್ ವಾಚಿನ ಬ್ಯಾಟರಿಗೆ ಕಂಪನಿ ಹೇಳಿದ್ದು ಅಪ್ ಟು 18 ಗಂಟೆ. ಕನ್ನಡದಲ್ಲಿ ಅದನ್ನು ‘18 ಗಂಟೆಯವರೆಗೆ ಬ್ಯಾಟರಿ ಬಾಳುತ್ತದೆ’ ಅಂತ ಬರೆದರೆ ಅರ್ಥ ಉಲ್ಟಾ ಹೊಡೆಯುತ್ತದೆ. ‘ಸಂಜೆ ಆರರವರೆಗೆ ಇರುತ್ತೇನೆ’ ಅಂದರೆ ಆರಕ್ಕಿಂತ ಮುಂಚೆ ಹೋಗುವುದಿಲ್ಲ ಅಂತ ತಾನೇ? ಹಾಗೆ ಓದಿದರೆ 18 ಗಂಟೆ ಖಾತ್ರಿ ಅಂತಾಯಿತು. ಕಂಪನಿ ಹೇಳಿದ್ದು ಅದಲ್ಲ. ಅವರ ಲೆಕ್ಕ ಹೀಗಿತ್ತು: ಆ 18 ಗಂಟೆಯಲ್ಲಿ 90 ಸಲ ಟೈಮ್ ನೋಡುವುದು, 90 ನೋಟಿಫಿಕೇಶನ್, 45 ನಿಮಿಷ ಆ್ಯಪ್ ಬಳಕೆ, ಬ್ಲೂಟೂತ್‌ನಲ್ಲಿ ಹಾಡು ಕೇಳುತ್ತಾ 30 ನಿಮಿಷ ವ್ಯಾಯಾಮ. ಇದಕ್ಕಿಂತ ಜಾಸ್ತಿ ಬಳಸಿದರೆ ಬೇಗ ಮುಗಿಯುತ್ತದೆ. ಆದರೆ ‘ಐವತ್ತು ಜನರವರೆಗೆ ಬರಬಹುದು’ ಅಂದಾಗ ಅದೇ ‘ವರೆಗೆ’ ಮೇಲಿನ ಮಿತಿ ಆಗುತ್ತದೆ. ವ್ಯತ್ಯಾಸ ತರುವುದು ಆ ‘ಬಹುದು’. ಹಾಗಾಗಿ ‘18 ಗಂಟೆಯವರೆಗೆ ಬರಬಹುದು’ ಅಂತಲೋ ‘ಹೆಚ್ಚೆಂದರೆ 18 ಗಂಟೆ’ ಅಂತಲೋ ಬರೆಯಬೇಕು. ‘ಗರಿಷ್ಠ’ವೂ ಸರಿ, ಆದರೆ ‘ಹೆಚ್ಚೆಂದರೆ’ ಎಲ್ಲರ ಬಾಯಲ್ಲೂ ಇರುವ ಮಾತು.

ಕೊನೆಗೆ ಕಾಲದ ಪ್ರಶ್ನೆ, ಇದಕ್ಕೆ ನನ್ನಲ್ಲಿ ಸರಿಯಾದ ಉತ್ತರ ಇಲ್ಲ. ಕನ್ನಡದ ‘ಮಾಡುತ್ತದೆ’ ಈಗಿನದ್ದಕ್ಕೂ ಆಗುತ್ತದೆ, ಮುಂದಿನದ್ದಕ್ಕೂ ಆಗುತ್ತದೆ. ‘ನಾಳೆ ಮಳೆ ಬರುತ್ತದೆ’ ಅನ್ನುತ್ತೇವೆ, ‘ಇಲ್ಲಿ ದಿನಾ ಮಳೆ ಬರುತ್ತದೆ’ ಅಂತಲೂ ಅನ್ನುತ್ತೇವೆ. ಮಾತಿನಲ್ಲಿ ಗೊಂದಲ ಆಗುವುದಿಲ್ಲ, ಆದರೆ ಗ್ಯಾಜೆಟ್ ಸುದ್ದಿಯಲ್ಲಿ ಆಗುತ್ತದೆ. 2024ರ ಜೂನ್ 10ರಂದು ಆಪಲ್ ಇಂಟೆಲಿಜೆನ್ಸ್, ಅಂದರೆ ಆಪಲ್ ಸಾಧನಗಳಿಗೆ ಬರುವ ಎಐ ಸೌಲಭ್ಯಗಳ ಗುಂಪನ್ನು ತೋರಿಸಿದರು. ಐಫೋನ್ 16 ಮಾರಾಟಕ್ಕೆ ಬಂದದ್ದು ಸೆಪ್ಟೆಂಬರ್ 20. ಆ ಸೌಲಭ್ಯಗಳಲ್ಲಿ ಮೊದಲ ಕಂತು ಫೋನಿಗೆ ಬಂದದ್ದು ಅಕ್ಟೋಬರ್ 28. ಬಳಸುವವರ ಸ್ವಂತ ವಿಷಯಗಳನ್ನು ಅರಿತು ಉತ್ತರಿಸುವ ಹೊಸ ಸಿರಿ (ಮಾತಾಡಿಸಿದರೆ ಉತ್ತರಿಸುವ ಆಪಲ್‌ನ ಸಹಾಯಕ ತಂತ್ರಾಂಶ) ಇನ್ನೂ ತಡವಾಗುತ್ತದೆ ಅಂತ 2025ರ ಮಾರ್ಚ್‌ನಲ್ಲಿ ಹೇಳಿದರು. ಈಗ ‘ಈ ಫೋನಿನ ಸಿರಿ ನಿಮ್ಮ ಸಂದೇಶಗಳನ್ನು ನೋಡಿ ಉತ್ತರ ಹೇಳುತ್ತದೆ’ ಅನ್ನುವ ವಾಕ್ಯವನ್ನು ತಗೊಳ್ಳಿ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ 2024ರಲ್ಲಿ ಅದನ್ನು ಓದಿದವರು ಫೋನು ತಂದು ಆ ದಿನವೇ ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ. ‘ಹೇಳಲಿದೆ’ ಅಂದರೆ ಮುಂದಿನದ್ದು ಅಂತ ಖಚಿತವಾಗುತ್ತದೆ, ಆದರೆ ಅದರಲ್ಲಿ ಆಗಿಯೇ ಆಗುತ್ತದೆ ಅನ್ನುವ ಭರವಸೆಯೂ ಸೇರಿಕೊಳ್ಳುತ್ತದೆ, ಏರ್‌ಪವರ್ ಕಂಡ ಮೇಲೆ ಆ ಭರವಸೆಯನ್ನು ಬರೆಯುವವರು ಯಾಕೆ ಹೊರಬೇಕು? ‘ಹೇಳುತ್ತದಂತೆ’ ಅಂದರೆ ಮಾತು ಕಂಪನಿಯದ್ದು ಅಂತ ಸರಿಯಾಗಿ ಗೊತ್ತಾಗುತ್ತದೆ, ಆದರೆ ಸುದ್ದಿಯ ಬರವಣಿಗೆಯಲ್ಲಿ ‘ಅಂತೆ’ ಬಂದರೆ ಗಾಳಿಮಾತಿನ ಹಾಗೆ ಕೇಳುತ್ತದೆ ಅಂತ ತಿದ್ದುವವರು ತೆಗೆದುಹಾಕುತ್ತಾರೆ.

ನನಗೇನೋ ‘ಅಂತೆ’ಯನ್ನು ಸುದ್ದಿಗೂ ಧೈರ್ಯವಾಗಿ ತರಬೇಕು ಅನ್ನಿಸುತ್ತದೆ. ಪತ್ರಿಕೆಗಳಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದರೆ ಹೇಳಿ: ‘ಅಂತೆ’ಯನ್ನು ಬಿಟ್ಟು, ‘ಎಂದು ಕಂಪನಿ ಹೇಳಿದೆ’ ಅಂತ ಪ್ರತಿ ವಾಕ್ಯಕ್ಕೂ ಬಾಲ ಕಟ್ಟದೆ, ಇದನ್ನು ಹೇಳುವ ದಾರಿ ಬೇರೆ ಇದೆಯಾ?