ಚಿಕ್ಕಮ್ಮ, ಆ ಕನ್ವರ್ಟರ್ ವೈರ್ ಮಾತ್ರ ಹಾಕಿಸ್ಬೇಡಿ

ಚಿಕ್ಕಮ್ಮ, ನಿಮ್ಮ ಮೆಸೇಜು, ಫೋಟೋ ಎರಡೂ ನೋಡ್ದೆ. ಪುಟ್ಟನ ಬ್ಲೆಂಡರ್ (3ಡಿ ಚಿತ್ರ ಮಾಡೋ ಸಾಫ್ಟ್‌ವೇರ್) ಕೆಲಸಕ್ಕೆ ಮನೇಲಿರೋ ಹಳೇ ಆಫೀಸ್ ಪಿಸಿಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕ್ಸೋಣ, ಪವರ್‌ಗೆ ಒಂದು ಕನ್ವರ್ಟರ್ ವೈರ್ ಸಾಕು ಅಂತ ಅಂಗಡಿಯವ್ರು ಅಂದ್ರಂತಲ್ಲ, ಅದು ಬೇಡ. ಕಾರ್ಡ್ ಆರಿಸೋದು ಆಮೇಲೆ, ಮೊದಲು ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ನೋಡ್ಬೇಕು.

ನಿಮ್ಮ ಎಸ್‌ಎಂಪಿಎಸ್ ಮೇಲೆ 260 ವ್ಯಾಟ್ ಅಂತಿದೆ, ಅದರಲ್ಲಿ ಗ್ರಾಫಿಕ್ಸ್ ಕಾರ್ಡಿನ 8 ಪಿನ್ ವೈರೇ ಇಲ್ಲ. 3060 ಎಳೆಯೋದು 170 ವ್ಯಾಟ್. ಮದರ್‌ಬೋರ್ಡ್ ಸ್ಲಾಟ್ (ಕಾರ್ಡ್ ಕೂರಿಸೋ ಜಾಗ) ಕೊಡೋದು ಹೆಚ್ಚಂದ್ರೆ 75, ಉಳಿದಿದ್ದು ವೈರಲ್ಲೇ ಬರ್ಬೇಕು. ಅವ್ರು ಹೇಳೋ ಕನ್ವರ್ಟರು ಹಾರ್ಡ್ ಡಿಸ್ಕಿನ ಸಾಟಾ ಪ್ಲಗ್ಗಿಂದ ಕರೆಂಟ್ ತಗೊಳ್ಳತ್ತೆ. ಆ ಪ್ಲಗ್ಗಲ್ಲಿ 12 ವೋಲ್ಟಿಗೆ ಇರೋದು ಮೂರೇ ತೆಳು ಪಿನ್ನು, ಒಂದೊಂದಕ್ಕೆ ಒಂದೂವರೆ ಆಂಪ್ಸು. ಒಟ್ಟು 54 ವ್ಯಾಟ್. ಅದರಿಂದ ನೂರರ ಹತ್ರ ಎಳೆದ್ರೆ ಪಿನ್ನು ಕಾದು ಪ್ಲಾಸ್ಟಿಕ್ ಕರಗತ್ತೆ, ಬೆಂಕಿನೂ ಹತ್ಕೋಬಹುದು. ಎಸ್‌ಎಂಪಿಎಸ್ಸೇ ಬದಲಾಯಿಸೋಣ ಅಂದ್ರೆ, ಇಂಥ ಆಫೀಸ್ ಪಿಸಿಗಳ ಬೋರ್ಡಲ್ಲಿ ಎಷ್ಟೋ ಸಲ ಮಾಮೂಲಿ 24 ಪಿನ್ ಸಾಕೆಟ್ ಇರಲ್ಲ, ಅಂಗಡೀಲಿ ಸಿಗೋದು ಕೂರಲ್ಲ.

ಅದಕ್ಕೆ ಆರ್‌ಟಿಎಕ್ಸ್ 3050, 6 ಜಿಬಿದು ಕೇಳಿ. 70 ವ್ಯಾಟ್, ಸ್ಲಾಟಿನ ಕರೆಂಟಲ್ಲೇ ನಡೆಯತ್ತೆ. ನಿಮ್ಮ ಐ5-8500 ಪ್ರೊಸೆಸರಿಗೆ 65, ಬೋರ್ಡು, ರ‍್ಯಾಮು, ಫ್ಯಾನಿಗೆ ಒಂದು ನಲವತ್ತು ಅಂತಿಟ್ಕೊಂಡ್ರೂ 260ರ ಒಳಗೇ ಇದೆ. ಇಲ್ಲೊಂದು ಎಚ್ಚರ: ಅದೇ 3050 ಹೆಸರಲ್ಲಿ 8 ಜಿಬಿದೂ ಇದೆ, ಅದು 130 ವ್ಯಾಟ್. ಎರಡು ಜಿಬಿ ಜಾಸ್ತಿ ಅಂತ ಅದನ್ನ ಕೊಟ್ರೆ ತಗೋಬೇಡಿ. ಕಾರ್ಡನ್ನ ಕೈಯಲ್ಲಿ ಹಿಡಿದು ಮೇಲಿನ ಅಂಚು ನೋಡಿ, ಪವರ್ ಸಾಕೆಟ್ ಇರಬಾರದು. ಆರ್‌ಎಕ್ಸ್ 6400 ಅಗ್ಗ ಅಂತ ತೋರಿಸಿದ್ರೂ ಬೇಡ. ಅದರಲ್ಲಿ ವಿಡಿಯೋ ಎನ್‌ಕೋಡರ್ (ವಿಡಿಯೋ ಕುಗ್ಗಿಸಿ ಉಳಿಸೋ ಭಾಗ) ಇಲ್ಲ, ಡೇಟಾ ಓಡಾಡೋ ದಾರಿ (ಲೇನು) ನಾಲ್ಕೇ, ನಿಮ್ಮ ಪಿಸಿಯ ಹಳೇ ಸ್ಲಾಟಲ್ಲಿ ಇನ್ನೂ ನಿಧಾನ ಆಗತ್ತೆ.

ಹಾಕೋದು ಕಷ್ಟ ಏನಿಲ್ಲ, ಪುಟ್ಟನೇ ಮಾಡ್ತಾನೆ. ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ರೆ ಹಾಕೋಕೆ ಮುಂಚೆನೇ ಮಾಡ್ಕೊಳ್ಳಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಟ್ಟು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಕಬ್ಬಿಣ ಮುಟ್ಟಿ. ಹಿಂದಿನ ತಗಡಿನ ಪಟ್ಟಿ ಎರಡು ತೆಗೀಬೇಕಾಗತ್ತೆ, ಈ ಕಾರ್ಡ್ ದಪ್ಪ. ಪ್ರೊಸೆಸರ್ ಹತ್ರದ ಉದ್ದ ಸ್ಲಾಟಲ್ಲಿ ಎರಡೂ ತುದಿ ಸಮವಾಗಿ ಒತ್ತಿ, ಕೊನೇಲಿರೋ ಪುಟ್ಟ ಚಿಲಕ ಟಕ್ ಅಂತ ಬೀಳ್ಬೇಕು. ಚಿನ್ನದ ಬಣ್ಣದ ಹಲ್ಲು ಒಂದು ಕಡೆ ಇನ್ನೂ ಕಾಣ್ತಿದ್ರೆ ಕೂತಿಲ್ಲ ಅಂತ. ಎಷ್ಟೋ ಸಲ ಕಾರ್ಡಿನ ತಗಡು ಬ್ರಾಕೆಟ್ಟಿನ ಕೆಳಗಿನ ನಾಲಿಗೆ ಬೋರ್ಡಿನ ಅಂಚಿಗೆ ತಾಗಿ ನಿಂತಿರತ್ತೆ, ಆಗ ಬಲ ಹಾಕ್ಬೇಡಿ, ತೆಗೆದು ಮತ್ತೆ ಇಳಿಸಿ.

ಮಾನಿಟರ್ ವೈರನ್ನ ಕಾರ್ಡಿಗೇ ಚುಚ್ಚಿ, ಯುಎಸ್‌ಬಿ ಪಕ್ಕದ ಹಳೇ ಜಾಗಕ್ಕಲ್ಲ. ಕಾರ್ಡ್ ಕೆಟ್ಟಿದೆ ಅಂತ ವಾಪಸ್ ತರೋರಲ್ಲಿ ಎಷ್ಟೋ ಜನ ಮಾಡಿರೋದು ಇದೇ ತಪ್ಪು. ನೀಲಿ ಬಾಯಿಯ ವಿಜಿಎ ವೈರಾದ್ರೆ ಎಚ್‌ಡಿಎಂಐಯಿಂದ ವಿಜಿಎಗೆ ಮಾಡೋ ಪುಟ್ಟ ಕನ್ವರ್ಟರ್ ತಗೊಳ್ಳಿ, ಇದು ಸಿಗ್ನಲ್ಲಿಂದು, ಇದರಲ್ಲಿ ಅಪಾಯ ಇಲ್ಲ. ಡ್ರೈವರ್ ಎನ್‌ವಿಡಿಯಾ ಸೈಟಿಂದಲೇ ಇಳಿಸ್ಕೊಳ್ಳಿ. ಆಮೇಲೆ ಪುಟ್ಟ, ನೀನು ಬ್ಲೆಂಡರಲ್ಲಿ ಎಡಿಟ್, ಪ್ರಿಫರೆನ್ಸಸ್, ಸಿಸ್ಟಮ್‌ಗೆ ಹೋಗಿ ಆಪ್ಟಿಎಕ್ಸ್ (ಎನ್‌ವಿಡಿಯಾ ಕಾರ್ಡಲ್ಲಿ ರೆಂಡರ್ ಮಾಡೋ ಆಯ್ಕೆ) ಆರಿಸು, ಸೀನಿನ ರೆಂಡರ್ ಸೆಟ್ಟಿಂಗಲ್ಲಿ ಡಿವೈಸನ್ನೂ ಜಿಪಿಯು (ಅಂದ್ರೆ ಈ ಕಾರ್ಡು) ಮಾಡು. ಇಲ್ಲಾಂದ್ರೆ ಕಾರ್ಡ್ ಸುಮ್ಮನೆ ಕೂತಿರತ್ತೆ, ರೆಂಡರ್ ಪ್ರೊಸೆಸರಲ್ಲೇ ನಡೀತಿರತ್ತೆ.

ದುಡ್ಡು ಕೊಡೋಕೆ ಮುಂಚೆ ಎರಡು ಕೆಲಸ ಮಾಡಿ ಚಿಕ್ಕಮ್ಮ. ಪಕ್ಕದ ಮುಚ್ಚಳ ತೆಗೆದು, ಹಿಂದಿನ ತಗಡಿಂದ ಮುಂದಿನ ಹಾರ್ಡ್ ಡಿಸ್ಕ್ ಗೂಡಿನವರೆಗೆ ಟೇಪ್ ಹಿಡಿದು ಅಳತೆ ಕಳಿಸಿ, ಕಾರ್ಡ್ ಹಿಡಿಸತ್ತಾ ನೋಡ್ತೀನಿ. ಪಿಸಿಯ ಮಾಡೆಲ್ ನಂಬರೂ ಹಾಕಿ, ಕೆಲವು ಸಣ್ಣ ಮಾಡೆಲ್‌ಗಳ ಸ್ಲಾಟು 75 ವ್ಯಾಟ್ ಪೂರ್ತಿ ಕೊಡಲ್ಲ, ಅದನ್ನ ನೋಡಿ ಹೇಳ್ತೀನಿ.